ಕೊಡವೂ ಕುರ್ಚಿಯೂ

ಹಳ್ಳಿಯ ಹೆಂಗಸಿಗೂ ನೀರಿನ ಕೊಡಕ್ಕೂ ಇರುವ ಸಂಬಂಧ ಎಷ್ಟು ಪುರಾತನವೆಂಬುದಕ್ಕೆ ಯಾರೂ ಲೆಕ್ಕವಿಟ್ಟಿಲ್ಲ. ಕವಿಗಳು ಕೊಡ ಹೊತ್ತು ಬರುವವಳ ನಡಿಗೆಯನ್ನು ಮೆಚ್ಚಿದ್ದಾರೆ. ಚಿತ್ರಕಾರರು ಅದನ್ನು ಬಣ್ಣದಲ್ಲಿ ಬರೆದು ಪಟಗಳಾಗಿ ಗೋಡೆಗೆ ಏರಿಸಿದ್ದಾರೆ. ಕೊಡದ ಭಾರವನ್ನು ಮಾತ್ರ ಹೊತ್ತವಳೇ ಬಲ್ಲಳು. ಕನ್ನಡದಲ್ಲಿ ನೀರು, ನೀರೆ ಎಂಬ ಎರಡು ಮಾತುಗಳು ಕಿವಿಗೆ ಅಕ್ಕತಂಗಿಯರಂತೆ ಕೇಳಿಬರುವುದು ಕಾಕತಾಳೀಯವೇ ಇರಬಹುದು. ಆದರೆ ನಾಡಿನ ರೂಢಿ ಆ ಕಾಕತಾಳೀಯವನ್ನು ಒಂದು ಕಟ್ಟಳೆಯನ್ನಾಗಿ ಮಾಡಿಬಿಟ್ಟಿದೆ. ನೀರನ್ನು ತರತಕ್ಕವಳು ಅವಳು. ಆ ನೀರು ಯಾವ ಬೀದಿಗೆ, ಯಾವ ಹೊತ್ತಿಗೆ, ಯಾರ ಮನೆಯ ಮುಂದೆ ಬರಬೇಕೆಂದು ನಿಶ್ಚಯಿಸತಕ್ಕವರು ಬೇರೆಯವರು.

ಕುರ್ಚಿಯ ಕಥೆ ಬೇರೆ. ಕೊಡದಷ್ಟು ಹಳೆಯ ಮನೆತನ ಅದಕ್ಕಿಲ್ಲ. ಹಿಂದೆ ಊರಿನ ಪಂಚಾಯತಿ ಸೇರುತ್ತಿದ್ದುದು ಅರಳೀಕಟ್ಟೆಯ ಮೇಲೆ. ಆ ಅರಳಿಯ ಮರವನ್ನು ಪ್ರದಕ್ಷಿಣೆ ಮಾಡುವುದಕ್ಕೆ ಹೆಂಗಸರಿಗೆ ಅಧಿಕಾರವಿತ್ತು. ಅದರ ಕಟ್ಟೆಯ ಮೇಲೆ ಕುಳಿತು ಮಾತನಾಡುವುದಕ್ಕೆ ಇರಲಿಲ್ಲ. ವ್ಯಾಜ್ಯ ತನ್ನದೇ ಆದರೂ ಅವಳು ಕಂಬದ ಮರೆಯಲ್ಲಿ ನಿಂತು, ತಂದೆಯೋ ಗಂಡನೋ ಮಗನೋ ತನ್ನ ಪರವಾಗಿ ಆಡಿದ ಮಾತನ್ನು ಕೇಳಿ ಮನೆಗೆ ಹೋಗಬೇಕಾಗಿತ್ತು. ಕಾಲಕ್ರಮದಲ್ಲಿ ಕಟ್ಟೆಯ ಬದಲು ಕಟ್ಟಡ ಬಂತು. ಕಂಬಳಿಯ ಬದಲು ಕುರ್ಚಿ ಬಂತು. ಕುರ್ಚಿಯ ಬೆನ್ನಿಗೆ ಬಿಳಿಯ ಟವೆಲು ಬಂತು. ಕಂಬದ ಮರೆಯೊಂದು ಮಾತ್ರ ಬಹಳ ಕಾಲ ಹಾಗೆಯೇ ಉಳಿಯಿತು.

ಊರಿನ ನಲ್ಲಿಗೂ ಪಂಚಾಯತಿಯ ಆಫೀಸಿಗೂ ನಡುವೆ ಇರುವ ದೂರ ಒಂದು ಫರ್ಲಾಂಗಿಗಿಂತ ಹೆಚ್ಚಿರಲಾರದು. ಈ ಒಂದು ಫರ್ಲಾಂಗನ್ನು ನಡೆದು ಮುಗಿಸುವುದಕ್ಕೆ ಹೆಂಗಸಿಗೆ ಎಷ್ಟು ಕಾಲ ಹಿಡಿಯಿತು, ನಡೆದು ಬಂದ ಮೇಲೆ ಅವಳಿಗೆ ಅಲ್ಲಿ ದೊರೆತದ್ದೇನು, ಮತ್ತು ಅವಳು ಬಂದದ್ದರಿಂದ ಊರಿಗೆ ದೊರೆತದ್ದೇನು ಎಂಬುದು ವಿಚಾರ ಮಾಡತಕ್ಕ ಸಂಗತಿ. ಸ್ತ್ರೀಪುರುಷ ಸಮಾನತೆಯ ಮಾತು ಬಂದಾಗಲೆಲ್ಲ ಜನರ ದೃಷ್ಟಿ ರಾಜಧಾನಿಯ ಕಡೆಗೆ, ಶಾಸನಸಭೆಗಳ ಕಡೆಗೆ ಹೋಗುವುದು ವಾಡಿಕೆ. ದೊಡ್ಡ ಹಕ್ಕುಗಳು ಹುಟ್ಟುವುದು ಅಲ್ಲಿಯೇ ಎಂಬುದು ನಿಜ. ಆದರೆ ಅಸಮಾನತೆ ದಿನದಿನವೂ ಹುಟ್ಟಿ ಬೆಳೆಯುವುದು ನಲ್ಲಿಯ ಬಳಿಯಲ್ಲಿ, ಕತ್ತಲೆಯ ಓಣಿಯಲ್ಲಿ, ಶಾಲೆಯ ಗಂಟೆ ಹೊಡೆಯುವ ಹೊತ್ತಿನಲ್ಲಿ. ಅಲ್ಲಿಗೆ ಕೈ ಎಟುಕುವ ಸರ್ಕಾರ ಒಂದೇ ಒಂದು. ಅದು ಊರಿನ ಸರ್ಕಾರ.

ಕುರ್ಚಿಯ ಪೂರ್ವಚರಿತ್ರೆಯನ್ನು ಮೊದಲು ನೋಡಬಹುದು. 1957ರಲ್ಲಿ ಬಲವಂತರಾಯ ಮೆಹತಾ ಸಮಿತಿ ಗ್ರಾಮಾಡಳಿತವನ್ನು ಕುರಿತು ತನ್ನ ವರದಿಯನ್ನು ಒಪ್ಪಿಸಿದಾಗ ಸ್ತ್ರೀಯರನ್ನು ಮರೆತಿರಲಿಲ್ಲ. ಸ್ತ್ರೀಯರ ಮತ್ತು ಮಕ್ಕಳ ಕೆಲಸದಲ್ಲಿ ಆಸಕ್ತಿಯುಳ್ಳ ಇಬ್ಬರು ಹೆಂಗಸರನ್ನು ಪಂಚಾಯತಿ ಸಮಿತಿಗೆ ಸೇರಿಸಿಕೊಳ್ಳಬೇಕೆಂದು ಅದು ಹೇಳಿತು. ಸೇರಿಸಿಕೊಳ್ಳುವುದು ಬೇರೆ, ಸೇರುವುದು ಬೇರೆ. ಮನೆಯವರು ಕರೆದರೆ ಬಂದು, ಕೊಟ್ಟ ಮಣೆಯ ಮೇಲೆ ಕುಳಿತು, ತಾಂಬೂಲ ಪಡೆದು ಹೋಗುವ ಅತಿಥಿಗೆ ಅಡಿಗೆಮನೆಯ ವಿಚಾರದಲ್ಲಿ ಮಾತಿರುವುದಿಲ್ಲ. ಆ ಇಬ್ಬರು ಹೆಂಗಸರ ಸ್ಥಿತಿಯೂ ಹಾಗೆಯೇ ಆಯಿತು. ಜನರು ಆರಿಸಿದವರಲ್ಲದ ಕಾರಣ ಜನರಿಗೆ ಉತ್ತರ ಹೇಳುವ ಭಾರವೂ ಅವರಿಗಿರಲಿಲ್ಲ. ಆ ಭಾರದೊಡನೆ ಬರುವ ಬಲವೂ ಇರಲಿಲ್ಲ.

ಈ ಕ್ರಮವನ್ನು ತಿದ್ದುವುದರಲ್ಲಿ ಕರ್ಣಾಟಕ ಮುಂದಿನ ಸಾಲಿನಲ್ಲಿ ನಿಂತಿತು. 1983ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಶಾಸನದಲ್ಲಿ ಸ್ತ್ರೀಯರಿಗೆ ನೂರಕ್ಕೆ 25 ಸ್ಥಾನಗಳನ್ನು ಮೀಸಲಾಗಿಟ್ಟರು. ಅದರಂತೆ 1987ರ ಜನವರಿಯಲ್ಲಿ ಚುನಾವಣೆಗಳು ನಡೆದವು. ಹೀಗೆ ನಾಲ್ಕರಲ್ಲೊಂದು ಪಾಲು ಹೆಂಗಸರು, ಯಾರೋ ಕರೆದುದರಿಂದಲ್ಲ, ವೋಟು ಪಡೆದುದರಿಂದ ಸಭೆಗೆ ಬಂದರು. ಆ ಶಾಸನದ ಹಿಂದೆ ನಿಂತಿದ್ದ ಮಂತ್ರಿ ಅಬ್ದುಲ್ ನಜೀರ್ ಸಾಹೇಬರು, ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮಾಭಿವೃದ್ಧಿಯ ಭಾರವನ್ನು ಹೊತ್ತವರು. ಊರೂರಿಗೆ ಕೊಳವೆಬಾವಿಗಳನ್ನು ಕೊರೆಯಿಸಿದುದರಿಂದ ಹಳ್ಳಿಯ ಜನ ಅವರನ್ನು ‘ನೀರ್ ಸಾಬ್’ ಎಂದೇ ಕರೆದರು. ಅವರು 1988ರಲ್ಲಿ ತೀರಿಕೊಂಡರು. ಕೊಡದ ಚಿಂತೆಯನ್ನು ಮಾಡಿದ ಮನುಷ್ಯನೇ ಕುರ್ಚಿಯ ಚಿಂತೆಯನ್ನೂ ಮಾಡಿದನೆಂಬುದು ಆಕಸ್ಮಿಕವೆಂದು ತೋರುವುದಿಲ್ಲ. ನೀರಿಲ್ಲದ ಊರಿನಲ್ಲಿ ಯಾರ ಕಾಲು ಸವೆಯುವುದೆಂಬುದನ್ನು ಕಂಡವನಿಗೆ, ನೀರಿನ ಮಾತು ನಡೆಯುವಲ್ಲಿ ಯಾರು ಕುಳಿತಿರಬೇಕೆಂಬುದೂ ಕಾಣದಿರದು.

ಆಮೇಲೆ ಇಡೀ ದೇಶವೇ ಈ ದಾರಿಗೆ ಬಂತು. ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು, ಪಂಚಾಯತಿಯ ಸ್ಥಾನಗಳಲ್ಲಿಯೂ ಅಧ್ಯಕ್ಷ ಪದವಿಗಳಲ್ಲಿಯೂ ಮೂರರಲ್ಲೊಂದಕ್ಕೆ ಕಡಮೆಯಿಲ್ಲದಂತೆ ಸ್ತ್ರೀಯರಿಗೆ ಮೀಸಲೆಂದು ವಿಧಿಸಿತು. ಪರಿಶಿಷ್ಟ ಜಾತಿ ಪಂಗಡಗಳ ಪಾಲಿನೊಳಗೂ ಅವರ ಹೆಂಗಸರಿಗೆ ಪಾಲನ್ನಿಟ್ಟಿತು. ಅದೇ ವರ್ಷ ಜೂನ್ 1ರಂದು ಜಾರಿಗೆ ಬಂದ 74ನೆಯ ತಿದ್ದುಪಡಿ ಪಟ್ಟಣಗಳ ಮುನಿಸಿಪಾಲಿಟಿಗಳಿಗೂ ಇದನ್ನು ವಿಸ್ತರಿಸಿತು. 2006ರಲ್ಲಿ ಬಿಹಾರ ಈ ಪಾಲನ್ನು ಅರ್ಧಕ್ಕೆ ಏರಿಸಿತು. 2010ರ ತಿದ್ದುಪಡಿಯಿಂದ ಕರ್ಣಾಟಕದ ಪಂಚಾಯತಿಗಳಲ್ಲಿಯೂ ಅರ್ಧ ಸ್ಥಾನಗಳು ಸ್ತ್ರೀಯರವಾದವು. ಲೋಕಸಭೆ ಮತ್ತು ವಿಧಾನಸಭೆಗಳಿಗೆ ಮೂರರಲ್ಲೊಂದು ಪಾಲನ್ನು ವಿಧಿಸುವ ತಿದ್ದುಪಡಿ ಅಂಗೀಕೃತವಾದದ್ದು 2023ರಲ್ಲಿ. ಹಳ್ಳಿಯು ಡಿಲ್ಲಿಗಿಂತ ಮೂವತ್ತು ವರ್ಷ ಮುಂದೆ ನಡೆದಿತ್ತೆಂದರೆ ಅತಿಶಯೋಕ್ತಿಯಾಗಲಾರದು.

ಅಂಕಿಅಂಶಗಳು ಇಷ್ಟು. ಆದರೆ ಅರ್ಧವೆಂಬುದು ಕಾಗದದ ಮೇಲಿನ ಲೆಕ್ಕ. ಕುರ್ಚಿಯ ಮೇಲೆ ಕೂಡುವುದು ಅಂಕಿಯಲ್ಲ, ಒಬ್ಬ ಮನುಷ್ಯಳು. ಅಂಥ ಒಬ್ಬಳನ್ನು ಕಣ್ಣಮುಂದೆ ತಂದುಕೊಳ್ಳುವುದು ಬಯಲುಸೀಮೆಯ ಹಳ್ಳಿಗಳನ್ನು ಕಂಡ ಯಾರಿಗೂ ಕಷ್ಟವಲ್ಲ.

ಅವಳು ಏಳನೆಯ ತರಗತಿಯವರೆಗೆ ಓದಿದವಳು. ಸ್ಥಾನ ಹೆಂಗಸಿಗೆ ಮೀಸಲಾಯಿತೆಂದು ಗೊತ್ತಾದ ದಿನ, ಎರಡು ಸಲ ಮೆಂಬರಾಗಿದ್ದ ಗಂಡ ಮನೆಗೆ ಬಂದು, ಅರ್ಜಿಯ ಕಾಗದವನ್ನು ಮುಂದಿಟ್ಟು, “ಇಲ್ಲಿ ಸಹಿ ಮಾಡು” ಎಂದ. ಮಾಡಿದಳು. ಗೆದ್ದಳು. ಅಧ್ಯಕ್ಷೆಯೂ ಆದಳು. ಮೊದಲನೆಯ ಮೀಟಿಂಗಿನ ದಿನ ಬೆಳಗಿನ ನೀರು, ರೊಟ್ಟಿ, ದನದ ಕೊಟ್ಟಿಗೆ, ಅತ್ತೆಯ ಔಷಧ ಎಲ್ಲವನ್ನೂ ಮುಗಿಸಿ, ಹನ್ನೊಂದು ಗಂಟೆಗೆ ಸೀರೆಯ ಸೆರಗನ್ನು ಹೊದ್ದು ಬಂದು ಕುರ್ಚಿಯ ತುದಿಯ ಮೇಲೆ ಕುಳಿತಳು. ಟವೆಲಿಗೆ ಬೆನ್ನು ತಾಗಲಿಲ್ಲ. ಪಕ್ಕದ ಕುರ್ಚಿಯಲ್ಲಿ ಗಂಡ ಕುಳಿತ. ಮೆಂಬರುಗಳು ಅವನ ಮುಖ ನೋಡಿ ಮಾತನಾಡಿದರು. ಅವನು ಅವರ ಮುಖ ನೋಡಿ ಉತ್ತರ ಹೇಳಿದ. ಕಡೆಯಲ್ಲಿ ನಡವಳಿಕೆಯ ಪುಸ್ತಕವನ್ನು ಅವಳ ಮುಂದೆ ತಳ್ಳಿದರು. “ಇಲ್ಲಿ” ಎಂದ ಗಂಡ. ಅವಳು ಸಹಿ ಮಾಡಿದಳು. ಮೂರು ತಿಂಗಳು ಹೀಗೆಯೇ ನಡೆಯಿತು.

ಬೇಸಿಗೆ ಬಂತು. ಕೊಳವೆಬಾವಿಯಲ್ಲಿ ನೀರು ಇಳಿಯಿತು. ನೀರುಗಂಟಿ ವಾಲ್ವನ್ನು ತಿರುಗಿಸುವ ಕ್ರಮದ ಮೇಲೆ ಜಗಳ ಎದ್ದಿತು. ಹೊಸ ಮೋಟಾರು ಬೇಕೆಂದು ಒಬ್ಬರು, ಹೊಸ ಬಾವಿ ಬೇಕೆಂದು ಮತ್ತೊಬ್ಬರು, ಹಣವೆಲ್ಲಿದೆಯೆಂದು ಮೂರನೆಯವರು ಒಂದು ಗಂಟೆಯ ಕಾಲ ವಾದಿಸಿದರು. ಆ ಕೋಣೆಯಲ್ಲಿ ನೀರಿನ ಸಂಗತಿಯನ್ನು ಮೈಯಿಂದ ಬಲ್ಲವಳು ಒಬ್ಬಳೇ ಇದ್ದಳು. ಮೇಲಿನ ಬೀದಿಗೆ ಮೊದಲು ನೀರು ಬಿಟ್ಟರೆ ಕೆಳಗಿನ ಕೇರಿಗೆ ಬರುವ ಹೊತ್ತಿಗೆ ಒಂಬತ್ತೂವರೆಯಾಗುವುದೆಂದೂ, ಆಗ ಗಂಡಸರು ಹೊಲಕ್ಕೆ ಹೋಗಿ ಹೆಂಗಸರು ಕೂಲಿಗೆ ಹೊರಟಿರುವುದರಿಂದ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವವರು ಶಾಲೆಗೆ ಹೋಗಬೇಕಾದ ಹೆಣ್ಣು ಹುಡುಗಿಯರೆಂದೂ, ಮೇಲಿನ ಬೀದಿಯ ಹಲವು ಮನೆಗಳಲ್ಲಿ ತೊಟ್ಟಿಗಳಿರುವುದರಿಂದ ಅಲ್ಲಿಗೆ ನೀರು ಯಾವ ಹೊತ್ತಿಗೆ ಬಂದರೂ ಅಡ್ಡಿಯಿಲ್ಲವೆಂದೂ ಅವಳಿಗೆ ಗೊತ್ತಿತ್ತು. ಗಂಡ ಬಾಯಿ ತೆರೆಯುವ ಮುನ್ನ ಅವಳು ಅಷ್ಟನ್ನು ಹೇಳಿದಳು. “ಕೆಳಗಿನ ಕೇರಿಗೆ ಆರು ಗಂಟೆಗೆ ಮೊದಲು ಬಿಡಲಿ, ಮೇಲಕ್ಕೆ ಆಮೇಲೆ ಬಿಡಲಿ.” ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು. “ಹೆಂಗಸಿನ ಬುದ್ಧಿ ನಲ್ಲಿಯಿಂದಾಚೆಗೆ ಹೋಗುವುದಿಲ್ಲ” ಎಂದು ಹಿಂದಿನಿಂದ ಒಬ್ಬ ಮೆಂಬರು ನಕ್ಕ. ಅವನ ಮಾತು ಸುಳ್ಳಲ್ಲ. ಆದರೆ ಅಂದಿನವರೆಗೆ ಪಂಚಾಯತಿಯ ಬುದ್ಧಿ ನಲ್ಲಿಯವರೆಗೂ ಹೋಗಿರಲಿಲ್ಲವೆಂಬುದನ್ನು ಅವನು ಗಮನಿಸಲಿಲ್ಲ.

ಆ ಠರಾವಿಗೆ ಒಂದು ಕಾಸೂ ಖರ್ಚಾಗಲಿಲ್ಲ. ಮಾರನೆಯ ವಾರದಿಂದ ಕೆಳಗಿನ ಕೇರಿಯ ಹುಡುಗಿಯರು ಪ್ರಾರ್ಥನೆಯ ಗಂಟೆಗೆ ಮುಂಚೆ ಶಾಲೆಯಲ್ಲಿದ್ದರು.

ಸಮಾನತೆ ಎಂಬ ದೊಡ್ಡ ಶಬ್ದದ ಅರ್ಥವನ್ನು ಹುಡುಕುವವರು ಈ ಚಿಕ್ಕ ಠರಾವಿನ ಮುಂದೆ ಸ್ವಲ್ಪ ನಿಲ್ಲಬೇಕು. ಹೆಂಗಸಿನ ಬಡತನ ಹಣದ ಬಡತನಕ್ಕಿಂತ ಮೊದಲು ಹೊತ್ತಿನ ಬಡತನ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಕಾಲವಿನಿಯೋಗದ ಗಣತಿಯಲ್ಲಿ, ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷಗಳನ್ನು ಕೊಡುತ್ತಾರೆಂದೂ, ಅಂಥ ಕೆಲಸ ಮಾಡುವ ಗಂಡಸರು 97 ನಿಮಿಷಗಳನ್ನು ಕೊಡುತ್ತಾರೆಂದೂ ತಿಳಿದುಬಂತು. ಈ ಐದು ಗಂಟೆಗಳಲ್ಲಿ ಪ್ರೀತಿಯಿಂದ ಕೊಟ್ಟದ್ದೆಷ್ಟು, ಅನಿವಾರ್ಯದಿಂದ ಕೊಟ್ಟದ್ದೆಷ್ಟು ಎಂಬುದನ್ನು ಯಾವ ಗಣತಿಯೂ ಹೇಳಲಾರದು. ಆದರೆ ನಲ್ಲಿ ದೂರವಿದ್ದುದರಿಂದ, ಸೌದೆ ದೂರವಿದ್ದುದರಿಂದ, ಮಗುವನ್ನು ನೋಡಿಕೊಳ್ಳುವವರಿಲ್ಲದುದರಿಂದ ಹೋದ ನಿಮಿಷಗಳನ್ನು ಊರಿನ ಸರ್ಕಾರ ಹಿಂದಕ್ಕೆ ತಂದುಕೊಡಬಲ್ಲದು. ಶಾಸನ ಹೆಂಗಸಿಗೆ ಹಕ್ಕನ್ನು ಕೊಡುವುದು. ಆ ಹಕ್ಕನ್ನು ಬಳಸುವುದಕ್ಕೆ ಬೇಕಾದ ಹೊತ್ತನ್ನು ಕೊಡುವುದು ನಲ್ಲಿ, ಬೀದಿಯ ದೀಪ, ಅಂಗನವಾಡಿ.

ಬೀದಿಯ ದೀಪವನ್ನೇ ತೆಗೆದುಕೊಳ್ಳಬಹುದು. ದೀಪವಿಲ್ಲದ ಓಣಿ ಗಂಡಸಿಗೆ ಕೇವಲ ಕತ್ತಲೆ. ಹೆಂಗಸಿಗೆ ಅದು ಬಾಗಿಲು. ಆ ಬಾಗಿಲು ಮುಚ್ಚಿದ ಮೇಲೆ ಟ್ಯೂಷನ್ನಿಗೆ ಹೋಗುವ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಸ್ವಸಹಾಯ ಸಂಘದ ಸಭೆ ಸಂಜೆಯ ಬದಲು ಮಧ್ಯಾಹ್ನಕ್ಕೆ ಬಂದು ಕೂಲಿ ತಪ್ಪುತ್ತದೆ. ಬಸ್ಸು ಇಳಿದು ಬರುವವಳನ್ನು ಎದುರುಗೊಳ್ಳಲು ಅಣ್ಣನೊಬ್ಬ ಕಾಯಬೇಕಾಗುತ್ತದೆ. ಅಣ್ಣನಿಲ್ಲದವಳು ಕಾಲೇಜನ್ನೇ ಬಿಡುತ್ತಾಳೆ. ಇದೆಲ್ಲವನ್ನೂ ಒಂದು ಬಲ್ಬು ನಿಶ್ಚಯಿಸುತ್ತದೆಯೆಂದರೆ ನಗೆ ಬರಬಹುದು. ಆದರೆ ಆ ಬಲ್ಬನ್ನು ಯಾವ ಕಂಬಕ್ಕೆ ಹಾಕಬೇಕೆಂದು ನಿಶ್ಚಯಿಸುವ ಸಭೆಯಲ್ಲಿ ಆ ಓಣಿಯಲ್ಲಿ ನಡೆಯುವವಳು ಇದ್ದಳೋ ಇಲ್ಲವೋ ಎಂಬ ಪ್ರಶ್ನೆ ನಗುವಂಥದಲ್ಲ.

ಹೆಂಗಸು ಕುಳಿತ ಮಾತ್ರಕ್ಕೆ ಕೆಲಸದ ಬಗೆ ಬದಲಾಗುವುದೇ? ಒಂದು ಊರಿನ ದೃಷ್ಟಾಂತ ನಾಡಿಗೆಲ್ಲ ಅನ್ವಯಿಸುವುದೇ? ವಿಚಾರಶೀಲರು ಈ ಸಂದೇಹವನ್ನು ಎತ್ತುವುದು ಸಹಜ. ಅದೃಷ್ಟವಶಾತ್ ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಪಶ್ಚಿಮ ಬಂಗಾಳದಲ್ಲಿ 1998ರಿಂದ ಮೂರರಲ್ಲೊಂದು ಪಂಚಾಯತಿಯ ಪ್ರಧಾನ ಪದವಿಯನ್ನು, ಬಹುಮಟ್ಟಿಗೆ ಚೀಟಿ ಎತ್ತಿದಂತೆ, ಹೆಂಗಸರಿಗೆ ಮೀಸಲಾಗಿಡುತ್ತ ಬಂದರು. ಮೀಸಲಾದ ಊರಿಗೂ ಆಗದ ಊರಿಗೂ ಚೀಟಿಯ ಹೊರತು ಬೇರೆ ಭೇದವಿರಲಿಲ್ಲವಾದ ಕಾರಣ ಎರಡನ್ನೂ ಹೋಲಿಸಿ ನೋಡಲು ಅನುಕೂಲವಾಯಿತು. ರಾಘವೇಂದ್ರ ಚಟ್ಟೋಪಾಧ್ಯಾಯರೂ, 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಿಕವನ್ನು ಹಂಚಿಕೊಂಡ ಎಸ್ತರ್ ಡುಫ್ಲೋ ಎಂಬ ವಿದುಷಿಯೂ ಬಂಗಾಳದ ಬೀರಭೂಮ್ ಜಿಲ್ಲೆಯ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಯ 265 ಪಂಚಾಯತಿಗಳನ್ನು ನೋಡಿ ತಮ್ಮ ನಿರ್ಣಯವನ್ನು 2004ರಲ್ಲಿ ಪ್ರಕಟಿಸಿದರು. ಹೆಂಗಸು ಪ್ರಧಾನೆಯಾದ ಕಡೆ ಎರಡು ಜಿಲ್ಲೆಗಳಲ್ಲಿಯೂ ಕುಡಿಯುವ ನೀರಿನ ಕೆಲಸ ಹೆಚ್ಚಾಗಿತ್ತು. ಬೀರಭೂಮಿನ ಹೆಂಗಸರು ರಸ್ತೆಯ ದೂರನ್ನೂ ಹೆಚ್ಚಾಗಿ ತರುತ್ತಿದ್ದರು. ಅಲ್ಲಿ ರಸ್ತೆಯ ಕೆಲಸವೂ ಹೆಚ್ಚಾಗಿತ್ತು. ಉದಯಪುರದ ಹೆಂಗಸರು ರಸ್ತೆಗಿಂತ ನೀರನ್ನೇ ಮುಖ್ಯವೆಂದೆಣಿಸಿದ್ದರು. ಅಲ್ಲಿ ರಸ್ತೆಯ ಕೆಲಸ ಕಡಮೆಯಾಗಿತ್ತು. ಎಂದರೆ, ಕುರ್ಚಿಯಲ್ಲಿ ಕುಳಿತವಳು ಪುಸ್ತಕದಲ್ಲಿ ಓದಿದ ‘ಸ್ತ್ರೀಯರ ಹಿತ’ವನ್ನು ಸಾಧಿಸಲಿಲ್ಲ, ತನ್ನ ಊರಿನ ಹೆಂಗಸರು ಕೇಳಿದ್ದನ್ನು ಕೇಳಿಸಿಕೊಂಡಳು. ಬೀರಭೂಮಿನ ಗ್ರಾಮಸಭೆಗೆ ಬರುವವರಲ್ಲಿ ಹೆಂಗಸರು ನೂರಕ್ಕೆ ಸುಮಾರು 7 ಇದ್ದದ್ದು, ಪ್ರಧಾನೆ ಹೆಂಗಸಾದ ಕಡೆ ಸುಮಾರು 10 ಆಯಿತು. ಸಂಖ್ಯೆ ಚಿಕ್ಕದು, ಆದರೆ ಕಂಬದ ಮರೆಯಿಂದ ಹೊರಗೆ ಬಂದ ಹೆಜ್ಜೆಗಳ ಸಂಖ್ಯೆ ಅದು.

ಇನ್ನು ಆಕ್ಷೇಪದ ವಿಚಾರ. ಅಧ್ಯಕ್ಷೆಯ ಗಂಡ ಎಂಬ ಒಂದು ಹೊಸ ಪದವಿ ನಾಡಿನಲ್ಲಿ ಹುಟ್ಟಿರುವುದನ್ನು ಯಾರೂ ಅಲ್ಲಗಳೆಯಲಾರರು. ಶಾಸನದಲ್ಲಿ ಅದಕ್ಕೆ ಹೆಸರಿಲ್ಲ, ಸಂಬಳವಿಲ್ಲ, ಜವಾಬ್ದಾರಿಯಂತೂ ಇಲ್ಲವೇ ಇಲ್ಲ. ಅಧಿಕಾರ ಮಾತ್ರ ಇದೆ. ಕೇಂದ್ರ ಸರ್ಕಾರ 2023ರಲ್ಲಿ ಈ ರೋಗಕ್ಕೆ ಮದ್ದು ಹುಡುಕಲು ಒಂದು ಸಮಿತಿಯನ್ನೇ ನೇಮಿಸಬೇಕಾಯಿತು. ಹೆಂಡತಿಯ ಹೆಸರಿನಲ್ಲಿ ಅಧಿಕಾರ ನಡೆಸುವವರಿಗೆ ಕಠಿನ ದಂಡನೆಯಾಗಬೇಕೆಂದು ಆ ಸಮಿತಿ 2025ರಲ್ಲಿ ಸಲಹೆ ಮಾಡಿತು. ಇದನ್ನೆಲ್ಲ ನೋಡಿ, ಮೀಸಲು ವ್ಯರ್ಥ, ಕುರ್ಚಿಗೆ ಹೊಸ ಸೀರೆ ಉಡಿಸಿದಂತಾಯಿತು ಅಷ್ಟೆ, ಎನ್ನುವವರುಂಟು.

ಅವರು ಒಂದು ಮಾತನ್ನು ಯೋಚಿಸಬೇಕು. ತಂದೆ ಮೆಂಬರಾಗಿದ್ದುದರಿಂದ ಮೆಂಬರಾದ ಮಗನನ್ನು, ಸಾಹುಕಾರನ ಮಾತಿನಂತೆ ಕೈಯೆತ್ತುವ ಗಂಡಸನ್ನು, ಗುಮಾಸ್ತೆ ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿದ ಹಿರಿಯನನ್ನು ಕಂಡು ‘ಗಂಡಸರಿಗೆ ಅಧಿಕಾರ ವ್ಯರ್ಥ’ ಎಂದು ಯಾರೂ ಹೇಳಲಿಲ್ಲ. ಕಲಿಯುವುದಕ್ಕೆ ಗಂಡಸಿಗೆ ಹಲವು ತಲೆಮಾರುಗಳ ಅವಕಾಶವಿತ್ತು. ಹೆಂಗಸಿಗೆ ಮೊದಲನೆಯ ಮೀಟಿಂಗಿನಲ್ಲಿಯೇ ಪರೀಕ್ಷೆ ಇಡುತ್ತಾರೆ. ಈ ವಿಚಾರದಲ್ಲಿಯೂ ಬೀರಭೂಮಿನ ಅನುಭವ ಬೋಧಪ್ರದವಾದದ್ದು. ಅಲ್ಲಿ 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಂತೆ, ಊರಿಗೆ ಮೊದಲನೆಯ ಸಲ ಬಂದ ಪ್ರಧಾನೆಯನ್ನು, ಕೆಲಸ ಗಂಡಸರಿಗೆ ಸಮನಾಗಿದ್ದರೂ, ಜನ ಕೀಳಾಗಿ ಎಣಿಸಿದರು. ಎರಡನೆಯ ಸಲ ಹೆಂಗಸನ್ನು ಕಂಡ ಊರಿನಲ್ಲಿ ಆ ಭೇದ ಅಳಿಯಿತು. ಎರಡು ಅವಧಿ ಮೀಸಲಾಗಿದ್ದ ಊರುಗಳಲ್ಲಿ ಮೀಸಲಿಲ್ಲದ ಸ್ಥಾನಗಳಿಗೂ ಹೆಂಗಸರು ಹೆಚ್ಚಾಗಿ ನಿಂತರು, ಗೆದ್ದರು. ದೋಷ ಕುಳಿತವಳಲ್ಲಿದ್ದುದಕ್ಕಿಂತ ಹೆಚ್ಚಾಗಿ ನೋಡುವವರ ಕಣ್ಣಿನಲ್ಲಿತ್ತೆಂದಾಯಿತು. ಕಣ್ಣಿನ ರೋಗಕ್ಕೆ ಕುರ್ಚಿಯನ್ನು ತೆಗೆಯುವುದು ಚಿಕಿತ್ಸೆಯಲ್ಲ.

ಅದೇ ಜಿಲ್ಲೆಯಿಂದ 2012ರಲ್ಲಿ ಬಂದ ಮತ್ತೊಂದು ಸುದ್ದಿ ಎಲ್ಲಕ್ಕಿಂತ ಮನಮುಟ್ಟುವಂಥದು. 495 ಹಳ್ಳಿಗಳಲ್ಲಿ ತಂದೆತಾಯಿಗಳನ್ನೂ ಹದಿಹರೆಯದ ಮಕ್ಕಳನ್ನೂ, ಮುಂದೆ ಏನಾಗಬೇಕೆಂಬ ಆಸೆಯನ್ನು ಕುರಿತು ಪ್ರಶ್ನೆ ಮಾಡಿದರು. ಎಲ್ಲ ಕಡೆಗಳಲ್ಲಿಯೂ ಮಗನ ವಿಷಯದಲ್ಲಿದ್ದ ಆಸೆ ಮಗಳ ವಿಷಯದಲ್ಲಿರಲಿಲ್ಲ. ಆದರೆ ಎರಡು ಅವಧಿ ಹೆಂಗಸು ಪ್ರಧಾನೆಯಾಗಿದ್ದ ಹಳ್ಳಿಗಳಲ್ಲಿ ಈ ಅಂತರ ತಂದೆತಾಯಿಗಳಲ್ಲಿ ಕಾಲುಭಾಗದಷ್ಟು, ಮಕ್ಕಳಲ್ಲಿ ಸುಮಾರು ಮೂರರಲ್ಲೊಂದು ಭಾಗದಷ್ಟು ಕಡಮೆಯಾಗಿತ್ತು; ಓದಿನಲ್ಲಿ ಹುಡುಗ ಹುಡುಗಿಯರ ನಡುವಣ ಅಂತರ ಇಲ್ಲವಾಗಿತ್ತು; ಹುಡುಗಿಯರು ಮನೆಗೆಲಸಕ್ಕೆ ಕೊಡುತ್ತಿದ್ದ ಹೊತ್ತೂ ಇಳಿದಿತ್ತು. ಹೊಸ ಕಾರ್ಖಾನೆ ಬಂದಿರಲಿಲ್ಲ. ಹೊಸ ಉದ್ಯೋಗ ಹುಟ್ಟಿರಲಿಲ್ಲ. ಊರಿನ ದೊಡ್ಡ ಕುರ್ಚಿಯಲ್ಲಿ ಒಬ್ಬ ಹೆಂಗಸು ಕುಳಿತಿರುವುದನ್ನು ಆ ಹುಡುಗಿಯರು ಕಿಟಕಿಯಿಂದ ನೋಡಿದ್ದರು, ಅಷ್ಟೆ.

ಹಾಗಾದರೆ ಊರಿನ ಸರ್ಕಾರ ಮಾಡತಕ್ಕದ್ದೇನು? ಕೆಲವು ಕೆಲಸಗಳು ಈಗಾಗಲೇ ನಡೆದು ದಾರಿ ತೋರಿಸಿವೆ. ಕೇರಳದಲ್ಲಿ 1996ರಲ್ಲಿ ಜನತಾ ಯೋಜನೆ ಆರಂಭವಾದ ಮೇಲೆ, ಸ್ಥಳೀಯ ಸಂಸ್ಥೆಗಳ ಯೋಜನಾಹಣದಲ್ಲಿ ನೂರಕ್ಕೆ 10 ಭಾಗ ಸ್ತ್ರೀಯರ ಕೆಲಸಕ್ಕೆಂದೇ ಕಟ್ಟುಮಾಡಿದರು. 1998ರಲ್ಲಿ ಹುಟ್ಟಿದ ಕುಟುಂಬಶ್ರೀಯ ನೆರೆಹೊರೆಯ ಕೂಟಗಳು ಪಂಚಾಯತಿಯೊಡನೆ ಕೈಜೋಡಿಸಿ, ಯಾವ ಕೆಲಸ ಬೇಕೆಂದು ಕೇಳುವ ಬಾಯಿಗಳಾದವು. ಕುರ್ಚಿಯಲ್ಲಿ ಒಬ್ಬಳಿದ್ದು ಅಂಗಳದಲ್ಲಿ ನೂರು ಜನರಿಲ್ಲದಿದ್ದರೆ, ಆ ಒಬ್ಬಳು ಒಂಟಿ. ಕರ್ಣಾಟಕದಲ್ಲಿ ಗ್ರಾಮಸಭೆಗೆ ಮೊದಲು ಮಹಿಳಾ ಗ್ರಾಮಸಭೆಯನ್ನು ಸೇರಿಸುವ ಪದ್ಧತಿ ಬಂದದ್ದು ಇದೇ ಕಾರಣದಿಂದ. ಗಂಡಸರ ಮುಂದೆ ಶೌಚಾಲಯದ ಮಾತನ್ನೂ ಸಾರಾಯಿಯ ಮಾತನ್ನೂ ಎತ್ತಲಾರದವಳು ಹೆಂಗಸರ ಮುಂದೆ ಎತ್ತುತ್ತಾಳೆ. ಅಲ್ಲಿ ಬರೆದುಕೊಂಡದ್ದು ದೊಡ್ಡ ಸಭೆಗೆ ಹೋಗುವಾಗ ಅವಳ ಹೆಸರಿಲ್ಲದೆಯೇ ಹೋಗುತ್ತದೆ. ಉದ್ಯೋಗ ಖಾತರಿಯ ಕೆಲಸಕ್ಕೆ ಬರುವ ತಾಯಂದಿರ ಕೂಸುಗಳಿಗಾಗಿ 2023-24ರಲ್ಲಿ 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯಲು ಕರ್ಣಾಟಕ ಸರ್ಕಾರ ಹೊರಟಿತು. ಅನೇಕ ಊರುಗಳಲ್ಲಿ ಸ್ವಸಹಾಯ ಸಂಘದ ಹೆಂಗಸರು ಪಂಚಾಯತಿಯ ಕಸದ ಗಾಡಿಯ ಚಕ್ರ ಹಿಡಿದು ಡ್ರೈವರುಗಳಾಗಿದ್ದಾರೆ. ಊರಿನ ಗ್ರಂಥಾಲಯ 2019ರಿಂದ ಪಂಚಾಯತಿಯ ಆಡಳಿತಕ್ಕೆ ಸೇರಿದ ಮೇಲೆ, ಹುಡುಗಿಯರು ಕುಳಿತು ಓದುವಂಥ ಒಂದು ಬೆಂಚು ಅಲ್ಲಿರಬೇಕೋ ಬೇಡವೋ ಎಂಬುದೂ ಊರಿನವರ ಕೈಯಲ್ಲಿಯೇ ಇದೆ. ವಸತಿ ಯೋಜನೆಯ ಮನೆಗೆ ಯಾರು ಅರ್ಹರೆಂದು ಆರಿಸುವುದು ಗ್ರಾಮಸಭೆ; ಆ ಮನೆಯ ಹಕ್ಕುಪತ್ರದ ಮೇಲೆ ಹೆಂಗಸಿನ ಹೆಸರಿದ್ದರೆ, ಕುಡಿದು ಬಂದವನು “ನನ್ನ ಮನೆ ಬಿಟ್ಟು ಹೊರಡು” ಎನ್ನುವ ಮಾತಿನ ಹಲ್ಲು ಉದುರುತ್ತದೆ.

ಗಂಡಂದಿರ ಆಡಳಿತಕ್ಕೂ ಮದ್ದು ಬಹುಮಟ್ಟಿಗೆ ಇಲ್ಲಿಯೇ ಇದೆ. ದಂಡನೆ ಬೇಕಾದರೆ ಇರಲಿ. ಆದರೆ ಮೀಟಿಂಗನ್ನು ಹೆಂಗಸರಿಗೆ ಬಿಡುವಾಗುವ ಹೊತ್ತಿಗೆ ಇಡುವುದು, ನಡವಳಿಕೆಯನ್ನು ಸಹಿಗೆ ಮುಂಚೆ ಗಟ್ಟಿಯಾಗಿ ಓದಿ ಹೇಳುವುದು, ಚುನಾಯಿತರಲ್ಲದವರಿಗೆ ಮೇಜಿನ ಸುತ್ತ ಕುರ್ಚಿ ಹಾಕದಿರುವುದು, ಲೆಕ್ಕಪತ್ರದ ಶಿಕ್ಷಣವನ್ನು ಗೆದ್ದ ತಿಂಗಳಲ್ಲಿಯೇ ಕೊಡುವುದು: ಇವು ಯಾವುವೂ ದೊಡ್ಡ ಸುಧಾರಣೆಗಳಲ್ಲ. ಯಾವುದಕ್ಕೂ ಡಿಲ್ಲಿಯ ಅಪ್ಪಣೆ ಬೇಕಿಲ್ಲ. ಓದಿ ಹೇಳಿದ ಕಾಗದಕ್ಕೆ ಸಹಿ ಮಾಡುವ ಕೈಯೇ ಬೇರೆ.

ಆದರೆ ಈ ಎಲ್ಲಕ್ಕೂ ಒಂದು ಮೂಲಾಧಾರ ಬೇಕು. ಚುನಾವಣೆ ಕಾಲಕ್ಕೆ ಸರಿಯಾಗಿ ನಡೆಯಬೇಕು. ಕರ್ಣಾಟಕದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅಧಿಕಾರಿಗಳ ಆಡಳಿತವೇ ನಡೆಯಿತು. ನಾಲ್ಕರಲ್ಲೊಂದು ಪಾಲನ್ನು ದೇಶಕ್ಕೆ ಮುಂಚೆ ಕೊಟ್ಟ ನಾಡಿನಲ್ಲಿ, ಅರ್ಧಪಾಲಿಗೆ ಬಂದವರು ಮನೆಯಲ್ಲಿ ಕುಳಿತರು. ಶೂನ್ಯದ ಅರ್ಧ ಶೂನ್ಯವೇ. ಇದರ ನಷ್ಟ ಗಂಡಸಿಗಿಂತ ಹೆಂಗಸಿಗೆ ಹೆಚ್ಚು. ಗಂಡಸಿಗೆ ಪಕ್ಷವಿದೆ, ಪೇಟೆಯಿದೆ, ಸಾಹೇಬರ ಪರಿಚಯವಿದೆ. ಕುರ್ಚಿ ಹೋದರೂ ಬಾಗಿಲುಗಳು ಉಳಿಯುತ್ತವೆ. ಹೆಂಗಸಿಗೆ ಊರಿನ ಕುರ್ಚಿಯೇ ಮೊದಲನೆಯ ಬಾಗಿಲು; ಬಹುಮಂದಿಗೆ ಅದೊಂದೇ ಬಾಗಿಲು.

ವಾಲ್ವಿನ ಹೊತ್ತನ್ನು ಬದಲಾಯಿಸಿದ ಆ ಅಧ್ಯಕ್ಷೆಯ ಅವಧಿಯೂ ಒಂದು ದಿನ ಮುಗಿಯುವುದು. ಮೀಸಲು ಸರದಿಯ ಮೇಲೆ ತಿರುಗುವಂಥದು. ಮುಂದಿನ ಸಲ ಆ ಸ್ಥಾನ ಸಾಮಾನ್ಯವಾಯಿತು. “ಇನ್ನು ನಿನ್ನ ಸರದಿ ತೀರಿತು” ಎಂದರು ಊರಿನವರು. ಗಂಡ ಅರ್ಜಿಯನ್ನು ಈ ಸಲ ತನ್ನ ಹೆಸರಿಗೆ ತುಂಬಿದ, ನಿಂತ, ಗೆದ್ದ. ಅವಳು ಮತ್ತೆ ಕೊಡದ ಬಳಿಗೆ ಬಂದಳು. ಹೊರಗಿನಿಂದ ನೋಡುವವನಿಗೆ ಎಲ್ಲವೂ ಮೊದಲಿದ್ದಲ್ಲಿಗೇ ಬಂತೆಂದು ತೋರುವುದು.

ಆ ವರ್ಷದ ಬೇಸಿಗೆಯ ಗ್ರಾಮಸಭೆಯಲ್ಲಿ ಶಾಮಿಯಾನದ ಕೆಳಗೆ ಗಂಡಸರು ಕುರ್ಚಿಗಳ ಮೇಲೆ, ಹೆಂಗಸರು ಜಮಖಾನದ ಮೇಲೆ ಕುಳಿತಿದ್ದರು. ನೀರಿನ ಹೊತ್ತನ್ನು ಹಿಂದಿನಂತೆ ಮಾಡಬೇಕೆಂದು ಮೇಲಿನ ಬೀದಿಯವರೊಬ್ಬರು ಸೂಚಿಸಿದರು. ವೇದಿಕೆಯ ಮೇಲಿದ್ದವರು ತಲೆಯಾಡಿಸಿದರು. ಜಮಖಾನದ ನಡುವಿನಿಂದ ಅವಳು ಎದ್ದು ನಿಂತಳು. ಕೆಳಗಿನ ಕೇರಿಯ ಹುಡುಗಿಯರು ಶಾಲೆಗೆ ಎಷ್ಟು ಹೊತ್ತಿಗೆ ಹೋಗುವರೆಂಬುದನ್ನು ಮೊದಲು ಬರೆದುಕೊಂಡು, ಆಮೇಲೆ ಠರಾವು ಮಾಡಬೇಕೆಂದಳು. ನಡವಳಿಕೆಯನ್ನು ಗಟ್ಟಿಯಾಗಿ ಓದಬೇಕೆಂದಳು. ಅವಳ ಪಕ್ಕದಲ್ಲಿದ್ದ ಇಬ್ಬರು ಎದ್ದರು. ಅವರ ಹಿಂದೆ ಇನ್ನೂ ನಾಲ್ವರು ಎದ್ದರು. ವೇದಿಕೆಯ ಮೇಲೆ ಕುಳಿತಿದ್ದ ಗಂಡನಿಗೆ ಹೆಂಡತಿಯ ಪ್ರಶ್ನೆಗೆ ಸಭೆಯಲ್ಲಿ ಉತ್ತರ ಹೇಳುವ ಪ್ರಸಂಗ ಮೊದಲನೆಯ ಸಲ ಬಂತು. ನೀರಿನ ಹೊತ್ತು ಬದಲಾಗಲಿಲ್ಲ.

ಕುರ್ಚಿ ಸರದಿಯ ಮೇಲೆ ಬರುವುದು, ಸರದಿಯ ಮೇಲೆ ಹೋಗುವುದು. ಅದರ ಮೇಲೆ ಒಮ್ಮೆ ಕುಳಿತವಳು ಹಿಂದಿರುಗಿ ಬಂದಾಗ ಕೊಡದೊಡನೆ ಇನ್ನೇನನ್ನು ಹೊತ್ತು ಬಂದಳೆಂಬುದರ ಮೇಲೆ ಊರಿನ ಮುಂದಿನ ಮಾತು ನಿಂತಿದೆ. ಮುಂದಿನ ಚುನಾವಣೆಯಲ್ಲಿ, ಮೀಸಲಿಲ್ಲದ ಆ ಸ್ಥಾನಕ್ಕೆ, ಯಾರೂ ತಂದು ಮುಂದಿಡದ ಅರ್ಜಿಗೆ ಅವಳು ತಾನಾಗಿ ಸಹಿ ಮಾಡುವಳೋ ಇಲ್ಲವೋ ಎಂಬುದನ್ನು ಶಾಸನ ಹೇಳಲಾರದು. ಕೆಳಗಿನ ಕೇರಿಯ ಹುಡುಗಿಯರು ಅದನ್ನು ಕಾದು ನೋಡುತ್ತಿದ್ದಾರೆ.